ಐಬು ಹೇಳಿ ಕೊಟ್ಟವನು

ಮೋರಖಂಡಿಯಿಂದ ಹುಮನಾಬಾದಿಗೆ ಹೋಗಿಬರಲು ಹೆಂಗಸರಿಗೆ ಖರ್ಚೇನೂ ಬೀಳುವುದಿಲ್ಲ. ಆಧಾರ ಕಾರ್ಡು ತೋರಿಸಿದರೆ ಸರಕಾರಿ ಬಸ್ಸಿನವನು ಸೊನ್ನೆಯ ಚೀಟಿ ಕೊಡುತ್ತಾನೆ. ಗಂಡಸಿಗೆ ಕಲ್ಯಾಣದಲ್ಲಿ ಬಸ್ಸು ಬದಲಿಸಿ ಹೋಗಿಬಂದರೆ ನೂರರ ನೋಟು ಮುರಿಯುತ್ತದೆ, ಮತ್ತೆ ಕೂಡುವುದಿಲ್ಲ. ಅದು ದೊಡ್ಡದಲ್ಲ. ದಿನವಿಡೀ ಹಿಂಡು ಕಾಯಲು ಬೇರೆಯವನನ್ನು ಇಟ್ಟರೆ ಅವನ ಕೂಲಿ, ಅವನ ಬುತ್ತಿ. ಅವನು ನೆರಳು ಕಂಡಲ್ಲಿ ಮಲಗಿ, ಕುರಿಗಳು ಯಾರದೋ ತೊಗರಿಗೆ ಬಾಯಿ ಹಾಕಿದರೆ ಆ ಹೊಲದವನ ಬೈಗಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಮೋಘಸಿದ್ದಪ್ಪ ಇದನ್ನೆಲ್ಲ ಕೂಡಿಸಿ ನೋಡಿದ. ಇಷ್ಟು ಕೊಟ್ಟು ಇವತ್ತು ತಾನು ಕೊಂಡದ್ದೇನು ಎಂಬುದು ಮಾತ್ರ ತಿಳಿಯಲಿಲ್ಲ.

"ನಾ ಏನ್ ಬೀಮಾರ ಅದೀನೇನು? ಬೀಮಾರ ಇದ್ದಕಿ ಕಾಜಲ. ಅಕಿ ಮನ್ಯಾಗ ಮಲಗ್ಯಾಳ, ನಾ ದವಾಖಾನ್ಯಾಗ ಕುಂತೀನಿ," ಎಂದ.

"ಬಸ್ಸಿನಾಗೂ ಇದೇ ಹಾಡು, ಇಲ್ಲೂ ಇದೇ ಹಾಡು," ಎಂದಳು ಹೆಂಡತಿ ಜಿಜಾಬಾಯಿ. "ಸೊಸಿ ಕರದಾಳ, ಸೋದರಮಾವ ಬಂದಾನ. ಸುಮ್ ಕುಂದರ್ರಿ."

ಕಾಜಲ ಅವನ ತೀರಿಹೋದ ಅಕ್ಕನ ಮಗಳು. ಹುಮನಾಬಾದಿನಲ್ಲೇ ಕೊಟ್ಟಿದ್ದರು. ಇನ್ನೂ ಮೂವತ್ತು ದಾಟಿರಲಿಲ್ಲ, ಎದೆಯಲ್ಲಿ ಕ್ಯಾನ್ಸರ್ ಗಂಟಾಗಿ ಆಪರೇಷನ್ ಆಗಿತ್ತು. ಇಷ್ಟು ಸಣ್ಣ ವಯಸ್ಸಿಗೆ ಯಾಕೆ ಬಂತು ಎಂದು ಡಾಕ್ಟರರು ಅವಳ ರಕ್ತವನ್ನು ಬೇರೆ ಊರಿಗೆ ಕಳಿಸಿ ನೋಡಿಸಿದ್ದರು. ತಾಯಿಯ ಕಡೆಯ ರಕ್ತಸಂಬಂಧಿಗಳು ಯಾರಿದ್ದಾರೋ ಅವರನ್ನು ಕರೆಸು ಎಂದಿದ್ದರು. ಉಳಿದಿದ್ದವನು ಅಮೋಘಸಿದ್ದಪ್ಪ ಒಬ್ಬನೇ.

"ಕಾಜಲನ ಮಾವ ಯಾರ್ರಿ? ಒಳಗ ಬರ್ರಿ."

ಕರೆದವಳು ಮನೀಷಾ. ನರ್ಸ್ ಓದಿದವಳು. ಸೂಜಿ ಚುಚ್ಚುವ ಕೆಲಸ ಬಿಟ್ಟು ಈಗ ಎರಡು ವರ್ಷದಿಂದ ಈ ಸಣ್ಣ ಕೋಣೆಯಲ್ಲಿ ಕೂತು, ವಂಶದಲ್ಲಿ ಬರುವ ಕ್ಯಾನ್ಸರ್ ಎಂದರೇನು ಎಂದು ಜನಕ್ಕೆ ಬಿಡಿಸಿ ಹೇಳುತ್ತಿದ್ದಳು. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲು. ಗಂಡಸಿಗೆ ಚೌಕ, ಹೆಂಗಸಿಗೆ ಗುಂಡು ಬರೆದು ಮನೆತನವನ್ನು ಚಿತ್ರ ಮಾಡುವುದು ಅವಳ ಪದ್ಧತಿ.

"ನಿಮ್ಮ ಮನ್ಯಾಗ ಈ ಬ್ಯಾನಿ ಯಾರಿಗರ ಬಂದಿತ್ತೇನ್ರಿ ಕಾಕಾ?"

"ಇಲ್ರಿ ಬಾಯಿ. ನಮ್ಮ ಮನ್ಯಾಗ ಯಾರಿಗೂ ಇಲ್ಲ. ಅಗದಿ ಗಟ್ಟಿ ಮಂದಿ."

"ಕಮಳಾಬಾಯಿಗೆ ಇತ್ತಲ್ರಿ?"

"ಕಮಳಾಬಾಯಿ ಯಾರು?"

ಅವನು ನಿಜವಾಗಿಯೂ ಕೇಳುತ್ತಿದ್ದ. ಮನೀಷಾ ಹಾಳೆ ನೋಡಿದಳು, ಅವನ ಮುಖ ನೋಡಿದಳು. ಜಿಜಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ನಿಮ್ಮ ಸೋನವ್ವಕ್ಕನೇ ಕಮಳಾಬಾಯಿ. ಮದವ್ಯಾಗ ಅವರ ಮನಿ ಹೆಸರ ಇಟ್ಟಾರಲ್ಲ."

ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಅದರಲ್ಲಿ ಹೊಸ ಹೆಸರು ಬರೆಸಿದ್ದರು. ಗಂಡನ ಮನೆಗೆ ಅವಳು ಕಮಳಾಬಾಯಿಯಾದಳು, ಹುಟ್ಟಿದ ಮನೆಗೆ ಸಾಯುವವರೆಗೂ ಸೋನವ್ವನಾಗಿಯೇ ಇದ್ದಳು. ಆ ಇನ್ನೊಂದು ಹೆಸರು ಹಿಡಿದು ತಮ್ಮ ಒಮ್ಮೆಯೂ ಕರೆದಿರಲಿಲ್ಲ.

"ಅಕಿನ್ನೂ ಎಣಸಬೇಕೇನ್ರಿ?" ಎಂದ ಅಮೋಘಸಿದ್ದಪ್ಪ. "ಅಕಿ ಕೊಟ್ಟ ಹೆಣ್ಣು. ಕೊಟ್ಟ ಮ್ಯಾಲ ಆ ಮನಿಯಕಿ ಆದಳು. ನೀವು ನಮ್ಮ ಮನ್ಯಾಗ ಅಂದ್ರಿ, ನಾ ಇಲ್ಲಂದೆ."

ಮನೀಷಾಳ ಪೆನ್ಸಿಲು ನಿಂತಿತು. ಇದೇ ಕುರ್ಚಿಯಲ್ಲಿ ಕೂತು ಇದೇ ಪ್ರಶ್ನೆಯನ್ನು ಅವಳು ಎಷ್ಟು ಜನಕ್ಕೆ ಕೇಳಿರಲಿಲ್ಲ! ಎಷ್ಟು ಜನ ಇಲ್ಲ ಎಂದಿದ್ದರು! ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ. ಕೊಟ್ಟ ಹೆಣ್ಣುಮಕ್ಕಳನ್ನು ಬಿಟ್ಟು ಎಣಿಸಿದ್ದರು, ಅಷ್ಟೇ.

"ಹಂಗಾದ್ರ ಕೊಟ್ಟಾವ್ರನ್ನ ಅಷ್ಟೇ ಹೇಳ್ರಿ," ಎಂದಳು. "ನಿಮ್ಮ ಅಪ್ಪ, ನಿಮ್ಮ ಮುತ್ಯಾ, ಅವರ ಮನಿಂದ ಹೊರಗ ಕೊಟ್ಟ ಹೆಣ್ಣುಮಕ್ಕಳು."

ಆಗ ಒಬ್ಬೊಬ್ಬರೇ ಬಂದರು. ಉಮರ್ಗಾ ಕಡೆ ಕೊಟ್ಟಿದ್ದ ಅಪ್ಪನ ತಂಗಿ. ಆಕೆಯ ಮಗಳು. ಸೋನವ್ವ. ಯಾರೂ ಐವತ್ತು ಕಂಡಿರಲಿಲ್ಲ. ಏನಾಗಿ ಹೋದರು ಎಂದರೆ ಅಮೋಘಸಿದ್ದಪ್ಪ ಗೋಡೆ ನೋಡುತ್ತ, "ಅದೇ, ಹೆಣ್ಣುಮಕ್ಕಳ ತಕ್ಲೀಫ," ಎನ್ನುತ್ತಿದ್ದ. ಪರಹೆಣ್ಣಿನ ಎದುರಿಗೆ ಎದೆ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ.

"ಎದಿಯಾಗ ಗಂಟಾಗಿ ಒಡದಿತ್ರಿ," ಎಂದಳು ಜಿಜಾಬಾಯಿ. "ಸೋನವ್ವಕ್ಕನ ಹುಣ್ಣು ನಾನೇ ತೊಳದೀನಿ. ವಾಸನಿಗೆ ಯಾರೂ ಹಂತ್ಯಾಕ ಹೋಗ್ತಿರಲಿಲ್ಲ."

ಮೂರು ಗುಂಡುಗಳಿಗೆ ಕಪ್ಪು ಬಳಿದು ಮನೀಷಾ ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಅವನು ಕಪ್ಪಾದ ಗುಂಡುಗಳನ್ನು ಬೆರಳಿಟ್ಟು ಎಣಿಸಿದ.

"ಖರೆ. ಆದರ ಹೆಣ್ಣುಮಕ್ಕಳ ಬ್ಯಾನಿ ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಹೋಗ್ತದ. ನಡುವ ನನಗ್ಯಾಕ ಕರದೀರಿ? ನಾ ಗಂಡಸು."

ಈ ಮಾತನ್ನು ಮನೀಷಾ ಮೊದಲೂ ಕೇಳಿದ್ದಳು. ಅದಕ್ಕೆ ಹಾಳೆಯ ಮೇಲೆ ಗೆರೆ ಎಳೆದು ಉತ್ತರ ಹೇಳುವುದು ರೂಢಿ. ಇವತ್ತು ಅವಳ ಕಣ್ಣು ಅವನ ಹೆಗಲ ಮೇಲಿನ ಕಂಬಳಿಗೆ ಹೋಯಿತು.

"ಕುರಿ ಅವೇನ್ರಿ ಕಾಕಾ?"

"ಅವರಿ. ನಮ್ಮಪ್ಪನ ಕಾಲದಿಂದ."

"ಟಗರಿನ ಕಡಿಂದ ಮರಿಗೆ ಏನೇನ ಬರ್ತದ?"

ಗೋಡೆ ನೋಡುತ್ತಿದ್ದವನು ಇತ್ತ ತಿರುಗಿದ. "ಏನ್ ಕೇಳ್ತೀರಿ! ಎತ್ತರ ಬರ್ತದ, ಬಣ್ಣ ಬರ್ತದ, ಹಟ ಬರ್ತದ. ಐಬ ಸುದ್ದಾ ಬರ್ತದ. ನಮ್ಮ ಹಂತ್ಯಾಕ ಬೋಳ್ಯಾ ಅಂತ ಒಂದು ಟಗರಿತ್ತು, ಕೋಡಿಲ್ಲದ್ದು. ನೋಡಾಕ ಆನಿ. ಅದರ ಹೆಣ್ಮರಿ ದೊಡ್ಡವಾಗಿ ಈದ್ವು ನೋಡ್ರಿ, ಒಂದೊಂದಕ್ಕ ಒಂದು ಕಡಿ ಕೆಚ್ಚಲಾ ಕಲ್ಲಿನಂಗ ಆಗೋದು. ಹಾಲ ಇಳೀವಲ್ದು. ಎಲ್ಲಾದಕ್ಕೂ ಅಲ್ಲ ಮತ್ತ. ಹೆಚ್ಚಂದ್ರ ಅರ್ಧಕ್ಕ."

"ಬೋಳ್ಯಾಗ ಕೆಚ್ಚಲ ಇತ್ತೇನ್ರಿ?"

"ಏ ಬಾಯಿ, ಟಗರಿಗೆ ಎಲ್ಲಿ ಕೆಚ್ಚಲ..."

ನಗು ಅರ್ಧಕ್ಕೆ ನಿಂತಿತು. ಅವನ ಕೈ ತಾನಾಗಿ ಅಂಗಿಯ ಗುಂಡಿಯ ಮೇಲೆ ಬಂದು ಕೂತಿತು. ಜಿಜಾಬಾಯಿ ಹಾಳೆಯ ಮೇಲಿನ ಚೌಕ ನೋಡಿದಳು. ಚೌಕದ ಕೆಳಗೆ ಒಂದೇ ಒಂದು ಖಾಲಿ ಗುಂಡು ಇತ್ತು. ಅದು ಅವರ ಒಬ್ಬಳೇ ಮಗಳು ಪೂನಂ.

"ನಿಮ್ಮಲ್ಲಿ ಇರಬಹುದು, ಇಲ್ಲದಿರಬಹುದು," ಎಂದಳು ಮನೀಷಾ. "ಕಾಜಲನ ರಕ್ತದಾಗ ಸಿಕ್ಕದ್ದು ನಿಮ್ಮ ರಕ್ತದಾಗ ಅದ ಏನು ಅಂತ ನೋಡೋದು. ರೊಕ್ಕ ದವಾಖಾನಿ ಟ್ರಸ್ಟಿನವರು ಹಾಕ್ತಾರ. ನಿಮ್ಮಲ್ಲಿ ಇಲ್ಲಂದ್ರ ಪೂನಂಗೂ ಇಲ್ಲ, ಸುದ್ದಿ ಅಲ್ಲಿಗೇ ಮುಗೀತು."

ಅವನು ತೋಳು ಚಾಚಿದ. ಅವರು ಹೋದ ಮೇಲೂ ಮನೀಷಾಗೆ ಖುಷಿ ಇಳಿದಿರಲಿಲ್ಲ. ಒಬ್ಬ ಗಂಡಸು ಇಷ್ಟು ಬೇಗ, ಇಷ್ಟು ಪೂರಾ ತಿಳಿದುಕೊಂಡದ್ದನ್ನು ಅವಳು ಕಂಡಿರಲಿಲ್ಲ. ಆ ಖುಷಿಯಲ್ಲಿ ಒಂದು ಮಾತು ಕೇಳುವುದು ಬಿಟ್ಟುಹೋಯಿತು. ಆ ಬೋಳ್ಯಾನನ್ನು ಮುಂದೆ ಏನು ಮಾಡಿದಿರಿ ಎಂದು ಅವಳು ಕೇಳಲಿಲ್ಲ.

*

ವರದಿ ಬಂದಾಗ ಅಮೋಘಸಿದ್ದಪ್ಪ ಒಬ್ಬನೇ ಬಂದ. ಕಾಜಲಳ ರಕ್ತದಲ್ಲಿ ಸಿಕ್ಕದ್ದು ಅವನಲ್ಲೂ ಇತ್ತು.

ಮನೀಷಾ ಅವಸರ ಮಾಡದೆ ಎಲ್ಲವನ್ನೂ ಹೇಳಿದಳು. ಮಗಳಿಗೆ ಬಂದಿರುವ ಸಂಭವ ಅರ್ಧ, ಬರದಿರುವ ಸಂಭವವೂ ಅಷ್ಟೇ. ಬಂದಿದ್ದರೂ ಬೇನೆ ಬಂತು ಎಂದಲ್ಲ, ಬರುವ ದಾರಿ ಅಗಲ ಇದೆ ಎಂದು ಮಾತ್ರ. ವರ್ಷವರ್ಷ ನೋಡಿಸುತ್ತ ಹೋದರೆ ಗಂಟು ಕಾಳಿನಷ್ಟಿರುವಾಗಲೇ ಸಿಗುತ್ತದೆ, ಆಗ ಗುಣವಾಗುತ್ತದೆ. ಗಂಡಸರಿಗೂ ಸ್ವಲ್ಪ ಅಪಾಯ ಇರುತ್ತದೆ, ನೀವೂ ತೋರಿಸಿಕೊಳ್ಳಬೇಕು. ಪೂನಂಳನ್ನು ಕರೆದುಕೊಂಡು ಬನ್ನಿ, ಮುಂದಿನದು ಅವಳ ಜೊತೆಗೇ ಮಾತಾಡೋಣ.

ಅವನು ತಲೆಯಾಡಿಸುತ್ತ ಕೇಳಿದ. ಆದರೆ 'ನಿಮ್ಮಲ್ಲಿ ಅದ' ಎಂಬ ಮಾತಿನ ಆಚೆಗೆ ಅವನ ಕಿವಿ ಹೋಗಿತ್ತೋ ಇಲ್ಲವೋ.

"ಹೊರಗ ನೋಡಿದ್ರ ಗೊತ್ತಾಗಂಗಿಲ್ಲ, ಅಲ್ರಿ?" ಎಂದು ಕೊನೆಗೆ ಕೇಳಿದ.

"ಇಲ್ರಿ ಕಾಕಾ."

"ನೋಡಿ ಒಯ್ಯಾವ್ರಿಗೂ ಗೊತ್ತಾಗಂಗಿಲ್ಲ."

"ಯಾರಿಗೂ ಗೊತ್ತಾಗಂಗಿಲ್ಲ. ರಕ್ತದಾಗಷ್ಟೇ."

ಅವನು ಎದ್ದು ಕಂಬಳಿ ಕೊಡವಿ ಹೊರಟ. ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ನಿಂತಿತ್ತು. ಅದನ್ನು ಬಿಟ್ಟು ಹುಡಗಿ ಎಂಬ ಊರಿಗೆ ಹೋಗುವ ಟಂಟಂ ಆಟೊ ಹತ್ತಿದ.

ಕುರಿ ಮಾರುವುದರಲ್ಲಿ ಅಮೋಘಸಿದ್ದಪ್ಪನಿಗೆ ಒಂದು ನೇಮವಿತ್ತು. ಅವನ ಅಪ್ಪನಿಗೂ ಇತ್ತು. ರೊಕ್ಕ ಮುಟ್ಟುವ ಮೊದಲು ಪ್ರಾಣಿಯ ಐಬು ಹೇಳಿಬಿಡಬೇಕು. ಇದು ಕೆಮ್ಮುತ್ತದೆ, ಇದರ ಹಿಂದಿನ ಕಾಲು ಸೋಲುತ್ತದೆ, ಇದು ಹಾಯುತ್ತದೆ. ಕಲ್ಯಾಣದ ವ್ಯಾಪಾರಿ ಜಲಾಲುದ್ದೀನ್ ಬೇರೆಯವರ ಕುರಿಯ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ, ಇವನ ಕುರಿಯನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. "ಸಿದ್ದಪ್ಪ ಹೇಳ್ಯಾನ ಅಂದ್ರ ಅಷ್ಟೇ ಐಬ, ಹೇಳಿಲ್ಲಂದ್ರ ಐಬೇ ಇಲ್ಲ," ಎಂದು ಸಂತೆಯಲ್ಲಿ ಎಲ್ಲರ ಎದುರಿಗೆ ಅನ್ನುತ್ತಿದ್ದ. ಆ ಒಂದು ಮಾತು ಅಮೋಘಸಿದ್ದಪ್ಪನಿಗೆ ಹೊಲಮನೆಗಿಂತ ದೊಡ್ಡದಾಗಿತ್ತು.

ಹುಡಗಿ ಊರಿನ ಪ್ರೇಮಕುಮಾರನ ಜೊತೆ ಪೂನಂಳ ಮದುವೆ ನಿಶ್ಚಯವಾಗಿತ್ತು. ಹುಡುಗ ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ತಂದೆ ಇಲ್ಲ. ತಾಯಿ ಶಕುಂತಲಾಬಾಯಿ ಒಬ್ಬಳೇ ನಿಂತು ಸಂಸಾರ ನಡೆಸಿದ ಗಟ್ಟಿ ಹೆಂಗಸು.

ಅವನು ಹೋದಾಗ ಅವಳು ಅಂಗಳದಲ್ಲಿ ನೆರೆಯ ಇಬ್ಬರನ್ನು ಕೂಡಿಸಿಕೊಂಡು ತೊಗರಿ ಹಸನು ಮಾಡುತ್ತಿದ್ದಳು. "ಬರ್ರಿ ಬೀಗರ, ಕುಂದರ್ರಿ. ಚಾ ಇಡ್ತೀನಿ."

"ಚಾ ಬ್ಯಾಡ್ರಿ. ಕೊಡೂಕಿಂತ ಮೊದಲ ಒಂದು ಐಬ ಹೇಳೂದದ."

ನಿಂತೇ ಹೇಳಿದ. ಎದೆ ಎಂಬ ಮಾತು ಇಲ್ಲಿಯೂ ಬರಲಿಲ್ಲ. ಆಸ್ಪತ್ರೆಯಲ್ಲಿ ಸಿಕ್ಕ ಮಾತು ಮಾತ್ರ ಬಂತು. ನಮ್ಮ ಟಗರಿನ ವಂಶದಾಗ ಐಬ ಅದ ಎಂದ. ಹೆಣ್ಮರಿಗಳಿಗೆ ಕೆಚ್ಚಲ ಕೆಡತದ ಎಂದ. ಅಕ್ಕನಿಗೆ ಬಂತು, ಅತ್ತಿಗೆ ಬಂತು, ಸೊಸಿಗೆ ಬಂತು, ನನ್ನ ರಕ್ತದಾಗೂ ಸಿಕ್ಕದ ಎಂದ. "ಪೂನಂಗ ಬಂದದೋ ಇಲ್ಲೋ ಗೊತ್ತಿಲ್ಲ. ಕೈಬಿಡ್ತೀವಿ ಅಂದ್ರ ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ನೀವು ತಿಳೀದೆ ಒಯ್ದ್ರಿ ಅಂತ ಆಗಬಾರದು."

ನೆರೆಯ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕು ಇನ್ನೊಬ್ಬಳ ತೊಡೆ ತಿವಿದಳು. ಶಕುಂತಲಾಬಾಯಿ ನಗಲಿಲ್ಲ. ಮೊರ ಹಿಡಿದ ಕೈ ಹಾಗೇ ನಿಂತಿತ್ತು.

"ನಿಮ್ಮ ಅಕ್ಕಂದು ಗಂಟು ಮೊದಮೊದಲ ನೋಯ್ತಿತ್ತೇನ್ರಿ?" ಎಂದು ಕೇಳಿದಳು.

"ಇಲ್ಲಂತ. ನೋವಿಲ್ಲ ಅಂತಲೇ ಸುಮ್ಮಿದ್ದಳಂತ."

ಅವಳು ಮೊರ ಕೆಳಗಿಟ್ಟು ಒಳಗೆ ಹೋದಳು. ಮಗಳ ಬಗ್ಗೆ ಕೇಳದೆ ಗಂಟಿನ ಬಗ್ಗೆ ಕೇಳಿದಳಲ್ಲ ಎಂದು ದಾರಿಯುದ್ದಕ್ಕೂ ಅವನಿಗೆ ಸೋಜಿಗವಾಯಿತು. ನಾಲ್ಕಾರು ದಿನಕ್ಕೆ ಮಧ್ಯಸ್ಥರ ಬಾಯಿಂದ ಉತ್ತರ ಬಂತು. ಈ ಸಂಬಂಧ ಬೇಡ.

*

"ಮನೀಷಾ ಅಕ್ಕ ಅಂದ್ರ ನೀವೇನ್ರಿ? ನನಗ ಕೆಚ್ಚಲ ಅದ ಅಂತ ಹೇಳಿಕೊಟ್ಟಾವ್ರು?"

ಬಾಗಿಲಲ್ಲಿ ನಿಂತ ಹುಡುಗಿಗೆ ಇಪ್ಪತ್ತೈದರ ವಯಸ್ಸು. ಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಅಂಗಡಿಯಿಂದ ನೇರವಾಗಿ ಬಸ್ಸು ಹತ್ತಿ ಬಂದಿದ್ದಳು. ಮುಖ ಕೆಂಪಾಗಿತ್ತು. ಒಳಗೆ ಬರುವ ಮೊದಲೇ ಹೆಸರು ಹೇಳಿದಳು, ಪೂನಂ.

"ಕುಂದರವ್ವ. ನಾ ಹಂಗ ಹೇಳಿಲ್ಲ."

"ನೀವು ಹೇಳಿಲ್ಲ, ನಮ್ಮಪ್ಪ ಹೇಳಿ ಬಂದಾನ. ಹುಡಗಿ ಊರಾಗ, ಅಂಗಳದಾಗ, ಮೂರು ಮಂದಿ ಎದುರಿಗೆ. ನಾ ಐಬಿನ ಟಗರಿನ ಮರಿ ಅಂತ! ಪ್ರೇಮಕುಮಾರಗ ಫೋನ್ ಮಾಡಿದ್ರ ಎತ್ತವಲ್ಲ. ಅಂಗಡ್ಯಾಗ ಜತಿ ಹುಡಗ್ಯಾರು ಬ್ಯಾ ಬ್ಯಾ ಅಂತ ಕೂಗ್ತಾರ."

ಮನೀಷಾ ಒಂದು ಗ್ಲಾಸು ನೀರನ್ನು ಹುಡುಗಿಯ ಮುಂದೆ ಇಟ್ಟಳು. ಆ ಹೊತ್ತಿಗೆ, ಕೇಳದೆ ಬಿಟ್ಟ ಪ್ರಶ್ನೆ ಅವಳಿಗೆ ನೆನಪಾಯಿತು.

"ಆ ಬೋಳ್ಯಾನ್ನ ಏನ ಮಾಡಿದ್ರಿ ನೀವು?"

"ಯಾವ ಬೋಳ್ಯಾ? ಟಗರು? ಜಲಾಲುದ್ದೀನ ಕಾಕಾಗ ಕೊಟ್ರು. ಐಬ ಹೇಳಿನೇ ಕೊಟ್ರು. ಕಡ್ಯಾಕ."

ಮನೀಷಾ ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟಳು.

"ಈಗ ಅಪ್ಪನೂ ಅದನ್ನೇ ಅಂತಾನ," ಎಂದಳು ಪೂನಂ, ದನಿ ಇಳಿದಿತ್ತು. "ನನ್ನೇ ಜಲಾಲುದ್ದೀನಗ ಕೊಡೂದಿತ್ತು, ಮಗಳು ಹುಟ್ಟೂಕಿಂತ ಮೊದಲ, ಅಂತಾನ. ರೊಟ್ಟಿ ಸುದ್ದಾ ಪೂರಾ ತಿನ್ನವಲ್ಲ. ಖರೆ ಹೇಳ್ರಿ ಅಕ್ಕ. ನಾ ಸಾಯ್ತೀನೇನು?"

"ಗೊತ್ತಿಲ್ಲವ್ವ. ನಿನಗ ಬಂದದೋ ಇಲ್ಲೋ ಅದೇ ಗೊತ್ತಿಲ್ಲ. ಬಂದಿದ್ರೂ ಸಾಯ್ಲಾರದಂಗ ಮಾಡಾಕ ದಾರಿ ಅವ. ಅದನ್ನ ನಿನಗ ಹೇಳಬೇಕಿತ್ತು. ನಿಮ್ಮಪ್ಪಗ ಹೇಳಿ ಕಳಿಸಿದೆ." ಸ್ವಲ್ಪ ತಡೆದು ಸೇರಿಸಿದಳು, "ಕುರಿ ಮಾತು ತಗದಾಕಿ ನಾ. ಅದನ್ನ ಅರ್ಧಕ್ಕ ಬಿಟ್ಟಾಕಿನೂ ನಾನೇ. ಐತವಾರ ನಿಮ್ಮೂರಿಗೆ ಬರ್ತೀನಿ."

*

ಮೋರಖಂಡಿಯ ಹೊರಗೆ, ಜೋಳ ಕೊಯ್ದ ಹೊಲದಲ್ಲಿ ಹಿಂಡು ಹರಡಿಕೊಂಡಿತ್ತು. ಬೇವಿನ ಗಿಡದ ಕೆಳಗೆ ಜಿಜಾಬಾಯಿ ರೊಟ್ಟಿಯ ಗಂಟು ಬಿಚ್ಚಿದ್ದಳು. ಮನೀಷಾ ಬಂದದ್ದನ್ನು ನೋಡಿ ಅಮೋಘಸಿದ್ದಪ್ಪ ಎದ್ದು ಕಂಬಳಿ ಹಾಸಿದ. ಪೂನಂ ಅಪ್ಪನಿಗೆ ಬೆನ್ನು ಹಾಕಿ ಕೂತಳು.

"ಕಾಕಾ, ನಾ ಅವತ್ತ ಅರ್ಧಾ ಕೇಳಿದೆ," ಎಂದಳು ಮನೀಷಾ. "ಬೋಳ್ಯಾನ್ನ ಕೊಟ್ರಿ. ಅದರ ಹೆಣ್ಮರಿಗಳನ್ನ ಏನ ಮಾಡಿದ್ರಿ?"

"ಅವೇನ್ರಿ? ಅಕಾ, ಅಲ್ಲಿ ನೋಡ್ರಿ. ಆ ಕರಿ ಮಾರಿದು. ಆ ಕಿವಿ ಹರದದ್ದು. ಬಾರಿ ಗಿಡದ ಹಂತ್ಯಾಕ ನಿಂತದ್ದು."

"ಹಿಂಡಿನಾಗೇ ಅವ?"

"ಮತ್ತೆಲ್ಲಿ ಇರ್ತಾವ?"

"ಐಬ ಇದ್ದದ್ದು ಗೊತ್ತಿದ್ದೂ ಯಾಕ ಮಾರಲಿಲ್ಲ?"

ಅವನು ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದ. "ಮಾರಾಕ ಏನಾಗ್ಯದ ಅವಕ್ಕ? ಆ ಕರಿ ಮಾರಿದು ನಾಕ ಸಲ ಈದದ. ಒಂದು ಮರೀನೂ ಕಳಕೊಂಡಿಲ್ಲ."

"ಕೆಚ್ಚಲಾ ಕೆಡಲಿಲ್ಲ?"

ಉತ್ತರ ಜಿಜಾಬಾಯಿಯಿಂದ ಬಂತು. "ಹ್ಯಾಂಗ ಕೆಡ್ತದ ಬಾಯಿ? ಮುಂಜಾನಿ ಎದ್ದು ಮುಖ ತೊಳಕೊಳ್ಳೂಕಿಂತ ಮೊದಲ ಆ ಕುರಿಗಳ ಹಂತ್ಯಾಕ ಹೋಗ್ತಾರ. ಕೈ ಹಚ್ಚಿ ನೋಡ್ತಾರ. ಜರಾ ಬೆಚ್ಚಗ ಹತ್ತಿದ್ರ ಸಾಕು, ಬಿಸಿನೀರ ಕಾಸು ಅಂತ ನನ್ನ ಎಬ್ಬಸ್ತಾರ. ಪಶು ಡಾಕ್ಟರನ ಹಂತ್ಯಾಕ ಹೋಗಿ ಟ್ಯೂಬ ತರ್ತಾರ. ನನಗ ಜ್ವರ ಬಂದಾಗ ಇಷ್ಟು ಓಡಾಡಿಲ್ಲ."

"ಒಂದು ಹೋಯ್ತಲ್ಲ," ಎಂದ ಅವನು.

"ಮೊದಲಿಂದು ಹೋಯ್ತು. ಅವಾಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಯಾವುದು ಹೋಗ್ಯದ ಹೇಳ್ರಿ?"

ಅವನು ಹಿಂಡಿನ ಕಡೆ ನೋಡಿದ. ಒಂದೊಂದನ್ನೇ ನೋಡುತ್ತ ಹೋದ.

"ಟಗರಿನ ಸುದ್ದಿ ಹುಡಗಿ ಊರ ತನಕಾ ಒಯ್ದ್ರಿ," ಎಂದಳು ಜಿಜಾಬಾಯಿ, ರೊಟ್ಟಿ ಮುರಿಯುತ್ತ. "ಈ ಕುರಿ ಉಳದ ಸುದ್ದಿ ಮನಿ ಬಾಗಲ ತನಕಾನೂ ತರಲಿಲ್ಲ."

ಬರುವ ದಾರಿಯಲ್ಲಿ ಮನೀಷಾ ಹೇಳಬೇಕೆಂದುಕೊಂಡ ಮಾತುಗಳು ಬಹಳ ಇದ್ದವು. ಈಗ ಯಾವುದೂ ಬೇಕಾಗಲಿಲ್ಲ. ಜಿಜಾಬಾಯಿ ಕೊಟ್ಟ ರೊಟ್ಟಿ ತಿಂದಳು.

ಪೂನಂ ಈ ಕಡೆ ತಿರುಗಿದಳು. "ಅಪ್ಪಾ, ನಾ ಕುರಿ ಅಲ್ಲ."

"ನೀ ಕುರಿ ಅಂತ ಯಾರಂದ್ರು ಅವ್ವಿ?"

"ನೀನೇ ಅಂದಿ. ಹುಡಗಿ ಊರಾಗ."

"ಮುಚ್ಚಿಟ್ಟು ಕೊಡಾಕ ನನ್ನ ಕೈಲಿ ಆಗಂಗಿಲ್ಲ. ನಾಳೆ ಅವರು ಬಂದು, ಸಿದ್ದಪ್ಪ, ಗೊತ್ತಿದ್ದೂ ಕೊಟ್ಟಿ ಅಂದ್ರ ನಾ ಎಲ್ಲಿ ಮಾರಿ ಇಟ್ಕೊಳ್ಳಲಿ?"

"ಮುಚ್ಚಿಡು ಅಂತ ನಾ ಎಲ್ಲಿ ಅಂದೆ? ಐಬ ನಂದಿದ್ರ ಹೇಳೂದೂ ನಂದು. ನನಗ ಕೇಳಬೇಕಿತ್ತು. ನಾನೇ ಪ್ರೇಮಗ ಹೇಳ್ತಿದ್ದೆ, ಮನಷ್ಯಾರ ಮಾತಿನಾಗ. ಬ್ಯಾಡಂದ್ರ ನನ್ನ ಮಾರಿ ನೋಡಿ ಬ್ಯಾಡನ್ನಬೇಕಿತ್ತು ಅಂವ."

ಗಾಳಿಗೆ ಬೇವಿನ ಎಲೆ ಉದುರಿ ಕಂಬಳಿಯ ಮೇಲೆ ಬಿದ್ದವು. ಅಮೋಘಸಿದ್ದಪ್ಪ ಅವನ್ನು ಒಂದೊಂದಾಗಿ ಎತ್ತಿ ಆಚೆ ಹಾಕಿದ. ಸಂತೆಯ ನೇಮದಲ್ಲಿ ಮಾರುವವನು ಇರುತ್ತಾನೆ, ಕೊಳ್ಳುವವನು ಇರುತ್ತಾನೆ. ಪ್ರಾಣಿಯನ್ನು ಕೇಳುವುದು ಅದರಲ್ಲಿ ಇರಲಿಲ್ಲ.

"ಬಾಯಿ," ಎಂದು ಮನೀಷಾಳ ಕಡೆ ತಿರುಗಿದ. "ಅಕಿಗೆ ಬಂದಿದ್ರ ನಾ ಏನ ಮಾಡಬೇಕ್ರಿ? ಕುರಿದಾದ್ರ ದಿನಾ ಮುಂಜಾನಿ ನಾನೇ ಕೈ ಹಚ್ಚಿ..."

"ಅಯ್ಯ, ಬಾಯಿ ಮುಚ್ಚರಿ ನಿಮ್ಮ!" ಜಿಜಾಬಾಯಿ ಹಣೆ ಬಡಿದುಕೊಂಡಳು. ಮನೀಷಾ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿದಳು. ಸಿಟ್ಟಿನಲ್ಲಿದ್ದ ಪೂನಂಳಿಗೂ ನಗು ಬಂತು. ಬಂದದ್ದಕ್ಕೆ ಅವಳಿಗೆ ಮತ್ತೆ ಸಿಟ್ಟು ಬಂತು.

"ನೋಡೂದು ಅಕಿ ಕೆಲಸ, ಡಾಕ್ಟರರ ಕೆಲಸ," ಎಂದಳು ಮನೀಷಾ. "ನೀವು ಬಸ್ಸಿಗೆ ಕರಕೊಂಡು ಬರ್ರಿ. ಅಷ್ಟೇ ಕಾಕಾ."

ಪೂನಂ ಮರುವಾರ ತಾನಾಗಿ ಆಸ್ಪತ್ರೆಗೆ ಬಂದು ತೋಳು ಚಾಚಿದಳು. ಅಪ್ಪನ ರಕ್ತದಲ್ಲಿ ಇದ್ದದ್ದು ಅವಳಿಗೂ ಬಂದಿತ್ತು. ವರದಿಯನ್ನು ಈ ಸಲ ಮನೀಷಾ ಅವಳಿಗೇ ಕೊಟ್ಟಳು, ಬೇರೆ ಯಾರಿಗೂ ಹೇಳಲಿಲ್ಲ. ಪೂನಂ ಅದನ್ನು ಮನೆಗೆ ಹೋಗಿ ತಾನೇ ಹೇಳಿದಳು. ಅಪ್ಪನಿಗೆ ಮೊದಲು, ಅವ್ವನಿಗೆ ಆಮೇಲೆ.

*

ಮುಂದಿನ ವರ್ಷ ತೊಗರಿ ರಾಶಿಯ ಹೊತ್ತಿಗೆ ಅಮೋಘಸಿದ್ದಪ್ಪ ಮತ್ತೆ ಅದೇ ಬೆಂಚಿನ ಮೇಲೆ ಕೂತಿದ್ದ. ಪೂನಂ ಕಲಬುರಗಿಯಲ್ಲಿ ಮಾಡಿಸಿದ ಸ್ಕ್ಯಾನ್ ಹಿಡಿದು ಡಾಕ್ಟರರ ಕೋಣೆಗೆ ಹೋಗಿದ್ದಳು. ಪಕ್ಕದ ಕೋಣೆಯಿಂದ ಮನೀಷಾಳ ದನಿ ಕೇಳುತ್ತಿತ್ತು. "ಮನ್ಯಾಗಿನವರು ಬ್ಯಾರೆ. ಕೊಟ್ಟ ಹೆಣ್ಣುಮಕ್ಕಳು ಯಾರ್ಯಾರು, ಮದಲ ಅವರನ್ನ ಹೇಳ್ರಿ. ಹುಟ್ಟಿದ ಮನಿ ಹೆಸರೂ ಹೇಳ್ರಿ." ಕುರಿಯ ಮಾತು ಅವಳು ಆಮೇಲೆ ಯಾರ ಹತ್ತಿರವೂ ಎತ್ತಿರಲಿಲ್ಲ.

"ಬೀಗರ..."

ತಲೆಗೆ ಬಟ್ಟೆ ಬಿಗಿದ ಹೆಂಗಸು ಅವನ ಮುಂದೆ ನಿಂತಿದ್ದಳು. ಹುಬ್ಬು ಉದುರಿತ್ತು. ದನಿಯಿಂದ ಗುರುತಾಯಿತು, ಹುಡಗಿ ಊರಿನ ಶಕುಂತಲಾಬಾಯಿ.

"ಬೀಗರು ಅನ್ನಂಗಿಲ್ಲ ಈಗ. ಏನನ್ನಲಿ?" ಎಂದಳು.

"ಸಿದ್ದಪ್ಪ ಅನ್ರಿ. ಕುಂದರ್ರಿ."

ಅವಳು ನಡುವೆ ಒಂದಾಳಿನ ಜಾಗ ಬಿಟ್ಟು ಕೂತಳು. "ಪ್ರೇಮಂದು ಮದವಿ ಆಯ್ತು. ಭಾಲ್ಕಿ ಕಡಿ ಹುಡಗಿ."

"ಚಲೋ ಆತು."

"ಅವತ್ತ ನೀವು ಅಂಗಳದಾಗ ನಿಂತು ಹೇಳೂಮುಂದ ನನಗ ಗಂಟಿತ್ತು. ತೊಗರಿ ಕಾಳಿನಷ್ಟ. ನೋಯ್ತಿರಲಿಲ್ಲ. ನೋವಿಲ್ಲಲ್ಲ ಅಂತ ಸುಮ್ಮಿದ್ದೆ, ಯಾರಿಗೂ ಹೇಳಿರಲಿಲ್ಲ. ನಮ್ಮ ವಂಶದಾಗ ಯಾರಿಗೂ ಇಲ್ಲ, ನನಗ ಹಂಗೇ ಬಂದದ್ದಂತ. ನೀವು ಹೋದ ಮ್ಯಾಲ ಬಂದು ತೋರಿಸಿದೆ." ಕೈಯಲ್ಲಿದ್ದ ಚೀಲದ ಹಿಡಿಕೆಯನ್ನು ತಿರುಗಿಸಿದಳು. "ಬದುಕತೀನಿ ಅಂತಾರ."

ಅಮೋಘಸಿದ್ದಪ್ಪ ಅವಳ ಕಡೆ ತಿರುಗಿದ. "ಗಂಟು ನೋಯ್ತಿತ್ತೇನು ಅಂತ ಯಾಕ ಕೇಳಿದ್ರಿ, ಅದನ್ನ ನಾ ವರ್ಷ ಪೂರಾ ವಿಚಾರ ಮಾಡೀನಿ," ಎಂದ.

"ನಿಮ್ಮ ಹುಡಗಿನ ಬ್ಯಾಡನ್ನಬಾರದಿತ್ತು," ಎಂದಳು ಅವಳು. "ಅಂದೆ. ನನಗೇ ಇದ್ದ ಗಂಟನ್ನ ಮುಚ್ಚಿಟ್ಕೊಂಡು ಅಂದೆ."

ಅಷ್ಟರಲ್ಲಿ ಪೂನಂ ಹೊರಗೆ ಬಂದಳು. ಶಕುಂತಲಾಬಾಯಿಯನ್ನು ನೋಡಿ ನಿಂತಳು. ಹೋಗುವಳೇನೋ ಎಂದು ಅಪ್ಪ ನೋಡುತ್ತಿದ್ದಂತೆ, ಬೆಂಚಿನ ನಡುವೆ ಖಾಲಿ ಇದ್ದ ಜಾಗದಲ್ಲಿ ಬಂದು ಕೂತಳು. ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದಳು. ಆಮೇಲೆ ಅದನ್ನು ಪಕ್ಕದವಳ ಕಡೆ ಚಾಚಿದಳು.

"ಏನಂದ್ರು ಅವ್ವಿ?" ಎಂದ ಅಪ್ಪ.

"ಏನೂ ಇಲ್ಲಂತ. ಮುಂದಿನ ವರ್ಷ ಬಾ ಅಂದ್ರು."

ಕಲ್ಯಾಣದ ಬಸ್ಸಿನಲ್ಲಿ ಕಂಡಕ್ಟರು ಪೂನಂಳ ಕಾರ್ಡು ನೋಡಿ ಸೊನ್ನೆಯ ಚೀಟಿ ಕೊಟ್ಟ. ಅವಳು ಅದನ್ನು ಸಣ್ಣಗೆ ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿ ಕಣ್ಣು ಮುಚ್ಚಿದಳು. ಅಮೋಘಸಿದ್ದಪ್ಪ ತನ್ನ ಟಿಕೇಟಿನ ರೊಕ್ಕ ಕೊಟ್ಟು ಲೆಕ್ಕ ಹಾಕಿದ. ಹಿಂಡು ಕಾಯುವವನ ಕೂಲಿ, ಅವನ ಬುತ್ತಿ. ಹುಡಗಿ ಊರಿನ ಸಂಬಂಧ ಹೋಗಿತ್ತು, ಅದು ಮತ್ತೆ ಬರುವುದಿಲ್ಲ. ಇವತ್ತು ಕೊಂಡು ಹೊರಟದ್ದು 'ಏನೂ ಇಲ್ಲ' ಎಂಬ ಒಂದು ಮಾತು. ಅದು ಮುಂದಿನ ತೊಗರಿಯವರೆಗೆ ಬಾಳುತ್ತಿತ್ತು.